ಕುರ್ಚಿಯ ಹಿಂದಿನ ಕೈ

ನಾಲ್ಕು ವರ್ಷದ ಹಿಂದೆ, ಕಡೂರಿನ ನನ್ನ ಸ್ಟುಡಿಯೋದಲ್ಲಿ ಮದುವೆ ಫೋಟೋ ಕೈಬಿಟ್ಟು ಹಳೇ ಚಿತ್ರಗಳ ರಿಪೇರಿಗೆ ಕೂತಿದ್ದೆ. ನಮ್ಮ ಕಸುಬಿನಲ್ಲಿ ಇದಕ್ಕೆ ರಿಸ್ಟೋರೇಶನ್ ಅನ್ನುತ್ತಾರೆ: ಮಾಸಿದ ಚಿತ್ರವನ್ನು ಕಂಪ್ಯೂಟರಿಗೆ ಹಾಕಿ, ಕಲೆ ಬಿರುಕು ತುಂಬಿ, ಮತ್ತೆ ಕಣ್ಣಿಗೆ ಕಾಣುವಂತೆ ಮಾಡುವುದು. ಆ ಶ್ರಾವಣದಲ್ಲಿ ತರೀಕೆರೆ ಕಡೆಯ ಒಂದು ದೊರೆ ಮನೆತನದ ಯಜಮಾನರು ರೇಷ್ಮೆ ಬಟ್ಟೆಯಲ್ಲಿ ಸುತ್ತಿದ ಗಾಜಿನ ನೆಗೆಟಿವ್ ತಂದರು. ಮನೆಯ ಹಜಾರವನ್ನು ವಂಶದ ಚಿತ್ರಶಾಲೆ ಮಾಡುತ್ತಿದ್ದರು. ಬಾಗಿಲಿಗೆ ಎದುರಾಗಿ ಆಳೆತ್ತರಕ್ಕೆ ಈ ಚಿತ್ರ ನಿಲ್ಲಬೇಕಿತ್ತು.

ಅವರ ಅಪ್ಪ ಆರು ತಿಂಗಳ ಕೂಸಾಗಿದ್ದಾಗ ತೆಗೆದದ್ದು. ಬಲಕ್ಕೆ ಯಜಮಾನರ ತಾತ, ಸೊಂಟದಲ್ಲಿ ಕತ್ತಿ. ಎಡಕ್ಕೆ ಅಜ್ಜಿ, ಮೈತುಂಬ ಒಡವೆ, ಕೈಯಲ್ಲಿ ತೆರೆದ ಪುಸ್ತಕ. ಹಿಂದೆ ಪರದೆಯ ಮೇಲೆ ಬರೆದ ಅರಮನೆ ಕಂಬಗಳು. ನಡುವೆ, ಸಿಂಹದ ಮುಖ ಕೆತ್ತಿದ ಕುರ್ಚಿಯಲ್ಲಿ ಜರಿ ಪೇಟ ಇಟ್ಟ ಕೂಸು ಒಂಟಿಯಾಗಿ, ನೆಟ್ಟಗೆ ಕೂತಿದೆ. ಹಾಲು ಕುಡಿಯುವಾಗಲೇ ಪಟ್ಟಕ್ಕೆ ಸಿದ್ಧ ಎಂದು ಸಾರುವುದಕ್ಕೇ ಈ ಏರ್ಪಾಡೆಲ್ಲ.

ಆರು ತಿಂಗಳ ಕೂಸು ಹಾಗೆ ಕೂರುತ್ತದೆಯೇ? ಆಗ ಒಳಮನೆಯ ಬೆಳಕಿಗೆ ಲೆನ್ಸನ್ನು ಕೆಲವು ಕ್ಷಣ ತೆರೆದೇ ಇಡಬೇಕಿತ್ತು. ಅಷ್ಟರಲ್ಲಿ ಕೂಸು ಅಲ್ಲಾಡಿದರೆ ಮುಖ ಕದಡಿಹೋಗುತ್ತಿತ್ತು. ಅದಕ್ಕೇ ಒಬ್ಬ ಹೆಂಗಸನ್ನು ಕುರ್ಚಿಯ ಹಿಂದೆ ಕೂರಿಸಿ, ಅವಳ ತಲೆಯ ಮೇಲೆ ಕಪ್ಪು ಬಟ್ಟೆ ಹೊದಿಸಿ, ಕೂಸನ್ನು ಹಿಡಿಸುತ್ತಿದ್ದರು. ದೊಡ್ಡದು ಮಾಡಿದಾಗ ಕಂಡಿತು: ಕೂಸಿನ ಪಕ್ಕೆಯಲ್ಲಿ ಒಂದು ಕೈ, ಮಣಿಕಟ್ಟಿನ ಮೇಲೆ ಚೇಳಿನ ಹಚ್ಚೆ.

“ಅದ್ನ ತೆಗ್ದಾಕ್ರಿ ನಂಜಪ್ನೋರೇ,” ಎಂದರು ಯಜಮಾನರು.

“ಯಾರ ಕೈ ಯಜಮಾನ್ರೇ?”

“ಅಜ್ಜಂಪುರದ ಪುಟ್ಟೀರಮ್ಮ ಅಂತ. ಅಪ್ಪಾಜಿಗೆ ಹಾಲೂಡ್ಸಕ್ಕೆ ಇಟ್ಕೊಂಡಿದ್ರು. ಮೊಮ್ಮಗಳು ಸಿದ್ದಮ್ಮ ಈಗ್ಲೂ ಸಂತೇಲಿ ಹೂ ಮಾರ್ತಾಳೆ. ಅದ್ಯಾಕೀಗ? ದೊರೆ ಕೂಸಿಗೆ ಆಸರೆ ಯಾಕ್ರೀ?”

ನನಗೆ ಮೈಯೆಲ್ಲ ಉರಿದುಹೋಯಿತು. ಹೆಸರು ಗೊತ್ತಿದೆ, ಊರು ಗೊತ್ತಿದೆ, ಅಪ್ಪ ಯಾರ ಹಾಲು ಕುಡಿದ ಎಂಬುದೂ ಗೊತ್ತಿದೆ. ಗೊತ್ತಿದ್ದೂ ತೆಗೆ ಅನ್ನುತ್ತಾರೆ! ಬಟ್ಟೆಯ ಮೇಲಿನ ಸುಳ್ಳು ಕಂಬಗಳು ಇರಬಹುದಂತೆ. ಚಿತ್ರದಲ್ಲಿ ವೇಷ ಹಾಕದೆ ಕೆಲಸ ಮಾಡುತ್ತಿರುವುದು ಆ ಕೈಯೊಂದೇ. ಅದಕ್ಕೆ ಜಾಗವಿಲ್ಲ.

ಸಂತೆಯ ದಿನ ಕೈಯಷ್ಟನ್ನೇ ಪ್ರಿಂಟ್ ತೆಗೆದುಕೊಂಡು ಅಜ್ಜಂಪುರಕ್ಕೆ ಹೋದೆ. ಎಪ್ಪತ್ತು ದಾಟಿದ ಸಿದ್ದಮ್ಮ ಸೆರಗಿಗೆ ಕೈ ಒರೆಸಿಕೊಂಡು ನೋಡಿದಳು.

“ಅಜ್ಜಿ ಕೈಮೇಲೆ ಚೇಳಿತ್ತು ಅಂತ ನಮ್ಮವ್ವ ಹೇಳೋಳು. ಮುಖ ಇಲ್ವೇನಪ್ಪಾ?”

“ಬಟ್ಟೆ ಹೊದ್ಸವ್ರೆ ಕಣಮ್ಮ.”

ಪಕ್ಕದ ಬಾಳೆಹಣ್ಣಿನವಳು ಇಣುಕಿದಳು. “ದೊರೆ ಮನೆ ಫೋಟೋದಾಗೆ ನಿಮ್ಮಜ್ಜಿನಾ? ನಾಳೆಯಿಂದ ಮೊಳಕ್ಕೆ ರೇಟ್ ಏರಿಸ್ಬೇಡ ಕಣೇ ಸಿದ್ದಿ!”

ಸಿದ್ದಮ್ಮ ನಗಲಿಲ್ಲ. “ಆಗ ನಮ್ಮವ್ವನೂ ಎದೆಮೇಲಿನ ಕೂಸೇಯ. ಹಾಲೆಲ್ಲ ಅಲ್ಲಿಗೆ, ನಮ್ಮವ್ವಂಗೆ ರಾಗಿ ಗಂಜಿ. ಈ ಕೈಯಾದ್ರೂ ಇರ್ಲಿ ಅನ್ನಪ್ಪಾ ಅವರ್ಗೆ. ಅಜ್ಜೀದು ಅಂತ ಇರೋದು ಇದೊಂದೇ.”

ಯಜಮಾನರಿಗೆ ಫೋನ್ ಮಾಡಿದೆ. “ಕಲೆ ತೆಗೀತೀನಿ, ಕೈ ತೆಗಿಯಲ್ಲ.”

“ರಿಪೇರಿ ಮಾಡೋನಿಗೆ ಇಷ್ಟು ಕೊಬ್ಬೇನ್ರೀ?” ಎಂದವರು ಮರುದಿನವೇ ನೆಗೆಟಿವ್ ತರಿಸಿಕೊಂಡು ಬೇರೆ ಕಡೆ ಕೊಟ್ಟರು.

ಚಿತ್ರಶಾಲೆಯನ್ನು ಊರವರಿಗೆಲ್ಲ ತೆರೆದ ಮೇಲೆ, ತಾನೂ ನೋಡಬೇಕೆಂದು ಸಿದ್ದಮ್ಮ ಹಟ ಹಿಡಿದಳು. ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಕೈ ಇರಲಿಲ್ಲ. ಆ ಜಾಗದಲ್ಲಿ ನುಣ್ಣಗೆ ಕುರ್ಚಿಯ ಮಖಮಲ್ಲು ತುಂಬಿದ್ದರು. ಕೆಳಗಿನ ಹಲಗೆಯಲ್ಲಿ ಎಲ್ಲರ ಹೆಸರಿತ್ತು. ಕುರ್ಚಿ ಯಾವ ಮರದ್ದು ಎಂದೂ ಬರೆದಿತ್ತು.

ನನಗೆ ಬಾಯಿಗೆ ಬಂದದ್ದು ಬೈಗುಳ. ಸಿದ್ದಮ್ಮ ಮಾತ್ರ ಚಿತ್ರಕ್ಕೆ ಮೂಗು ತಾಗುವಷ್ಟು ಹತ್ತಿರ ಹೋಗಿ ಕೂಸಿನ ಪಕ್ಕೆಗೆ ಬೆರಳಿಟ್ಟಳು. ಪುಟ್ಟೀರಮ್ಮನ ಬೆರಳುಗಳು ಒತ್ತಿದ್ದಲ್ಲಿ ಅಂಗಿ ಒಳಕ್ಕೆ ಅದುಮಿಹೋಗಿ, ಸುತ್ತಲೂ ನೆರಿಗೆ ಬಿದ್ದಿತ್ತು. ಅಳಿಸಿದವರಿಗೆ ಅದು ಕಂಡಿರಲಿಲ್ಲ.

“ಇನ್ನೂ ಹಿಡ್ಕೊಂಡೇ ಅವ್ಳೆ ನೋಡಪ್ಪಾ,” ಅಂದಳು.

ಕಸುಬು ನನಗೆ ಕಲಿಸಿದ್ದು ಅದನ್ನೇ. ಯಾವ ದೊಡ್ಡಮನೆಯ ಚಿತ್ರ ಬಂದರೂ ಈಗ ಕತ್ತಿ, ಪೇಟ, ಮುಖ ಎಲ್ಲ ಆಮೇಲೆ. ಮೊದಲು ಅಂಗಿ ಎಲ್ಲಿ ಅದುಮಿಹೋಗಿದೆ ಎಂದು ನೋಡುತ್ತೇನೆ.