ಪವಿತ್ರ ಗುರುವಾರದ ಬಲಗಾಲು

ಗುಡ್ ಫ್ರೈಡೇ ಹಿಂದಿನ ದಿನ, ಪವಿತ್ರ ಗುರುವಾರದ ಸಂಜೆ, ಚರ್ಚಿನ ಪೂಜೆಯಲ್ಲಿ ಗುರುಗಳು ಹನ್ನೆರಡು ಜನರ ಪಾದ ತೊಳೆಯುತ್ತಾರೆ, ಯೇಸುಸ್ವಾಮಿ ತನ್ನ ಶಿಷ್ಯರ ಪಾದ ತೊಳೆದ ನೆನಪಿಗೆ. ನಮ್ಮ ಹೊಳೆನರಸೀಪುರದಲ್ಲಿ ಇದಕ್ಕೊಂದು ವಿಚಿತ್ರ ತಯಾರಿಯಿದೆ. ಆ ಹನ್ನೆರಡು ಜನ ಮಧ್ಯಾಹ್ನವೇ ಮನೆಯಲ್ಲಿ ಹಿಮ್ಮಡಿಯನ್ನು ಕಲ್ಲಿನಿಂದ ತಿಕ್ಕಿ, ಉಗುರು ಕತ್ತರಿಸಿ, ಪೌಡರ್ ಕೂಡ ಹಚ್ಚಿಕೊಂಡು ಬರುತ್ತಾರೆ. ಗುರುಗಳು ಮುಟ್ಟುವುದು ಬಲಗಾಲನ್ನು ಮಾತ್ರ, ಹಾಗಾಗಿ ಎಡಗಾಲನ್ನು ಕೇಳುವವರಿಲ್ಲ. ಕೊಳೆಯೇ ಇಲ್ಲದ ಕಾಲು ತೊಳೆಸಿಕೊಂಡು ದೀನರಂತೆ ಮುಖ ಮಾಡುವುದರಲ್ಲಿ ನಾವೆಲ್ಲ ನಿಸ್ಸೀಮರು.

ಆ ವರ್ಷ ಹನ್ನೆರಡು ಜನರಲ್ಲಿ ನಾನೂ ಒಬ್ಬ. ನನ್ನ ಬಲ ಅಂಗಾಲಿನಲ್ಲಿ, ಹೆಬ್ಬೆರಳಿನ ಬುಡದಲ್ಲಿ, ಒಂದು ಹುಣ್ಣಿತ್ತು.

ಈಸ್ಟರ್‌ಗೆ ಮುಂಚೆ ನಲವತ್ತು ದಿನ ವ್ರತ ಹಿಡಿಯುವ ತಪಸ್ಸುಕಾಲದ ಶುರುವಿನಲ್ಲಿ, ಹಳೇಕೋಟೆಯ ಒಂದು ಮನೆಗೆ ಪ್ರಾರ್ಥನೆ ನಡೆಸಲು ಬರಿಗಾಲಲ್ಲಿ ಹೋಗಿದ್ದೆ. ನಾಲ್ಕು ಜನ ನೋಡಲಿ ಎಂಬ ಆಸೆಯೂ ಇತ್ತು, ಸುಳ್ಳು ಯಾಕೆ ಹೇಳಲಿ. ಸಕ್ಕರೆ ಕಾಯಿಲೆಯ ಕಾಲಿಗೆ ಮುಳ್ಳು ಹೊಕ್ಕಿದ್ದು ತಿಳಿಯಲೇ ಇಲ್ಲ. ಮನೆಗೆ ಬಂದು ನೆಲದ ಮೇಲೆ ರಕ್ತದ ಹೆಜ್ಜೆ ಕಂಡಾಗಲೇ ಗೊತ್ತಾಯಿತು. ನಮ್ಮಪ್ಪನಿಗೂ ಹೀಗೇ ಶುರುವಾಗಿ, ಹಾಸನದಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿದ್ದರು.

ಆಸ್ಪತ್ರೆಗೆ ಹೋದರೆ ನನ್ನದನ್ನೂ ಕತ್ತರಿಸುತ್ತಾರೆ ಎಂದು ಹೆದರಿದೆ. ಹೋಗಲು ನಾಚಿಕೆಯೂ ಆಯಿತು. ನಾನು ನಿವೃತ್ತ ಮೇಷ್ಟ್ರು, ಪ್ರಾರ್ಥನಾ ಕೂಟದಲ್ಲಿ ವಿಶ್ವಾಸದ ಬಗ್ಗೆ ಭಾಷಣ ಬಿಗಿಯುವವನು. ಅರಕಲಗೂಡಿನಿಂದ ಬಂದಿದ್ದ ಹೆಂಗಸೊಬ್ಬಳು ಆಪರೇಷನ್‌ಗೆ ಹೆದರಿ ಅತ್ತಾಗ, ವಿಶ್ವಾಸ ಇದ್ದವರಿಗೆ ಭಯ ಎಲ್ಲಿಂದ ಬರುತ್ತದೆ ಎಂದು ಎಲ್ಲರೆದುರು ಗದರಿದ್ದೆ. ಈಗ ದಿನವೂ ಬಚ್ಚಲಿನ ಚಿಲಕ ಹಾಕಿಕೊಂಡು ಹುಣ್ಣಿಗೆ ಪವಿತ್ರ ಜಲ ಸವರಿ ಜಪಸರ ಹಿಡಿಯುತ್ತಿದ್ದೆ. ಹುಣ್ಣಿನ ಅಂಚು ಕಪ್ಪಾಯಿತು. ವಾಸನೆ ಶುರುವಾಯಿತು.

"ಏನ್ರೀ, ಮನೇಲೂ ಸಾಕ್ಸ್ ಆಕ್ಕೊಂಡೇ ಓಡಾಡ್ತೀರಲ್ಲ, ಕಾಲ್ಗೇನಾಗೈತೆ?" ಎಂದಳು ಹೆಂಡತಿ.

"ಚಳಿ ಕಣೇ."

"ಈ ಬಿಸ್ಲಲ್ಲಾ?" ಎಂದು ಅನುಮಾನದಿಂದ ನೋಡಿದಳು. ನಾನು ಪೇಪರ್ ಬಿಡಿಸಿ ಮುಖ ಮುಚ್ಚಿಕೊಂಡೆ.

ಹನ್ನೆರಡು ಜನರ ಪಟ್ಟಿಯಿಂದ ತಪ್ಪಿಸಿಕೊಂಡರೆ ಕಾರಣ ಹೇಳಬೇಕಿತ್ತು. ಅದಕ್ಕೇ ಒಂದು ಉಪಾಯ ಮಾಡಿದೆ. ಸಾಲಿನಲ್ಲಿ ಉಳಿದ ಹನ್ನೊಂದು ಜನ ಬಲಗಾಲು ಬರಿದು ಮಾಡಿ ಕೂತರೆ, ನಾನು ಎಡಗಾಲಿನ ಸಾಕ್ಸ್ ಮಾತ್ರ ತೆಗೆದು ಕೂತೆ. ಗುರುಗಳು ಒಬ್ಬೊಬ್ಬರ ಮುಂದೆ ಮಂಡಿಯೂರುತ್ತಾ ಹತ್ತಿರವಾದಂತೆ ನಾನು ಬಲಗಾಲನ್ನು ಹಿಂದಕ್ಕೆ ಸರಿಸಿಕೊಂಡೆ.

ಚನ್ನರಾಯಪಟ್ಟಣದ ಕಡೆಯ ಹುಡುಗ ಅವರು, ಗುರುವಾಗಿ ಎರಡು ವರ್ಷವೂ ಆಗಿರಲಿಲ್ಲ. "ಮೇಷ್ಟ್ರೇ, ಬಲಗಾಲು ಕೊಡಿ," ಎಂದರು.

"ಇದೇ ಇರ್ಲಿ ಫಾದರ್."

ಅವರಿಗೆ ವಾಸನೆ ಬಡಿದಿರಬೇಕು. ತಲೆಯೆತ್ತಿ ನನ್ನ ಮುಖ ನೋಡಿದರು. ಆಮೇಲೆ ಮೆಲ್ಲಗೆ ನನ್ನ ಬಲಗಾಲಿನ ಸಾಕ್ಸ್‌ಗೆ ಕೈ ಹಾಕಿದರು. ನಾನು ಎರಡೂ ಕೈಯಿಂದ ಅವರ ಮಣಿಕಟ್ಟು ಹಿಡಿದುಕೊಂಡೆ.

"ಬ್ಯಾಡ ಫಾದರ್. ಕಾಲು ಕೊಳ್ತೋಗೈತೆ. ನಂಗೆ ಎದ್ರಿಕೆ ಆಯ್ತದೆ."

ಅವರ ಕೊರಳಪಟ್ಟಿಗೆ ಮೈಕ್ ಸಿಕ್ಕಿಸಿದ್ದು ನನ್ನ ಲಕ್ಷ್ಯದಲ್ಲೇ ಇರಲಿಲ್ಲ. ನನ್ನ ಮಾತು ಇಡೀ ಚರ್ಚಿಗೆ ಕೇಳಿತು. ಹಾಡುವವರು ನಿಲ್ಲಿಸಿದರು. ಹೆಂಗಸರ ಸಾಲಿನಿಂದ ಹೆಂಡತಿ ಎದ್ದು ನಿಂತಳು.

ಗುರುಗಳು ಸಾಕ್ಸ್ ಬಿಚ್ಚಿ ನೋಡಿದರು. ನೀರು ಹಾಕಲಿಲ್ಲ. ಹೆಗಲ ಮೇಲಿದ್ದ ಒಣ ಟವೆಲನ್ನು ಪಾದಕ್ಕೆ ಸುತ್ತಿ, "ನಂಗೂ ಎದ್ರಿಕೆ ಆಯ್ತಾ ಐತೆ ಮೇಷ್ಟ್ರೇ. ಈಗ್ಲೇ ಆಸ್ಪತ್ರೆಗೆ ಓಗಿ," ಎಂದರು. ಯಾರೋ ಕಾರು ತಂದರು. ಹಾಸನ ತಲುಪುವವರೆಗೂ ಹೆಂಡತಿ ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಬಾಯಿಪಾಠವಿದ್ದ ಒಂದು ಜಪವೂ ನನಗೆ ನೆನಪಾಗಲಿಲ್ಲ. ದೇವರೇ, ಭಯ ಆಗುತ್ತಿದೆ ಎಂದಷ್ಟೇ ಹೇಳುತ್ತಾ ಹೋದೆ.

ಎರಡು ಬೆರಳು ತೆಗೆದರು, ಕಾಲು ಉಳಿಯಿತು. ಭಯವೂ ಉಳಿಯಿತು. ಈಗ ದಿನಾ ಸ್ನಾನವಾದ ಮೇಲೆ ಹೆಂಡತಿ ನನ್ನ ಅಂಗಾಲನ್ನು ಬೆಳಕಿಗೆ ತಿರುಗಿಸಿ ನೋಡುತ್ತಾಳೆ. ಅವಳು ಒಂದು ಗಳಿಗೆ ಹೆಚ್ಚು ಸುಮ್ಮನಿದ್ದರೂ ನನ್ನ ಜೀವ ಬಾಯಿಗೆ ಬರುತ್ತದೆ. ಕಾಲನ್ನು ಮಾತ್ರ ಹಿಂದಕ್ಕೆಳೆದುಕೊಳ್ಳುವುದಿಲ್ಲ.