ಶೇಷಾದ್ರಿ ಅಂಕಲ್ ಮತ್ತು ಹೊಲಿಗೆ ಹಾಕಿದ ನೋಟು

ಶೇಷಾದ್ರಿ ಅಂಕಲ್ ಮನೆಯಲ್ಲಿ ಊಟಕ್ಕೆ ಮುಂಚೆ ಕೈ ತೊಳೆದಿರೋ ಇಲ್ಲವೋ ಎಂದು ಯಾರೂ ಕೇಳುತ್ತಿರಲಿಲ್ಲ. ಊಟವಾದ ಮೇಲೆ ಮಾತ್ರ ಅಂಕಲ್ ಸಿಂಕಿನ ಪಕ್ಕ ಕಾವಲು ನಿಲ್ಲುತ್ತಿದ್ದರು. "ಸೋಪ್ ಹಾಕಿದ್ಯಾ? ಉಗುರಿನ ಸಂದಿ? ಬಿಸಿಬೇಳೆಬಾತ್ ತಿಂದ ಕೈಯಮ್ಮಾ ಅದು!" ಇಷ್ಟೆಲ್ಲ ಆದ ಮೇಲೆಯೇ ಹಳೆಯ ನೋಟುಗಳ ಆಲ್ಬಮ್ ಹೊರಗೆ ಬರುತ್ತಿತ್ತು.

ಆಸ್ಟ್ರೇಲಿಯಾದ ಪರ್ತ್‌ನ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಡಾಕ್ಟರಾಗಿ ನಿವೃತ್ತರಾದವರು. ಅದೇ ಊರಿನ ಕ್ಯಾನಿಂಗ್ ವೇಲ್‌ನಲ್ಲಿ ನಮ್ಮ ಪಕ್ಕದ ಮನೆ. ಅವರ ವಯಸ್ಸಿನ ಉಳಿದ ಅಂಕಲ್‌ಗಳು ಗಾಲ್ಫ್ ಕಲಿತರೆ, ಇವರು ಅಮೆರಿಕ ಇನ್ನೂ ಬ್ರಿಟಿಷರ ಕೈಯಲ್ಲಿದ್ದ ಕಾಲದ ಕಾಗದದ ನೋಟುಗಳ ಹಿಂದೆ ಬಿದ್ದರು. ಆ ದೇಶಕ್ಕೆ ಒಮ್ಮೆಯೂ ಹೋದವರಲ್ಲ. "ಹೋಗಿ ಏನ್ ಮಾಡ್ಲಿ? ನಂಗೆ ಬೇಕಾದ ಅಮೆರಿಕ ನನ್ ಬೀರುವಲ್ಲೇ ಇದೆ" ಎನ್ನುತ್ತಿದ್ದರು.

ಕೆಲವು ನೋಟುಗಳ ಹಿಂಬದಿಯಲ್ಲಿ ನಿಜವಾದ ಎಲೆಯ ಅಚ್ಚು ಇರುತ್ತಿತ್ತು. "ಈ ನರ ನೋಡು. ಯಾವ ಕಳ್ಳ ಇದನ್ನ ಕಾಪಿ ಹೊಡೀತಾನೆ?" ಮುಂಬದಿಯಲ್ಲಿ, ಖೋಟಾ ನೋಟು ಮಾಡಿದವನಿಗೆ ಮರಣದಂಡನೆ ಎಂಬ ಎಚ್ಚರಿಕೆ. ನನ್ನ ಮಗಳು ಒಮ್ಮೆ, "ಕೂಲ್! ವಿಲ್ ದೇ ಟೇಕ್ ಇಟ್ ಅಟ್ ದ ಸರ್ವೋ, ಅಂಕಲ್?" ಎಂದು, ಪೆಟ್ರೋಲ್ ಬಂಕಿನಲ್ಲಿ ಇದು ನಡೆಯುತ್ತದೆಯೇ ಅಂತ ಕೇಳಿದಾಗ ಎಲ್ಲರಿಗಿಂತ ಜೋರಾಗಿ ನಕ್ಕವರು ಅವರೇ.

ಅವರಿಗೆ ಪ್ರಾಣವೆಂದರೆ ಒಂದು ಹರಿದ ನೋಟು. ನಡುವೆ ಹರಿದದ್ದನ್ನು ಆ ಕಾಲದವರು ಯಾರೋ ಸೂಜಿದಾರದಿಂದ ಹೊಲಿದಿದ್ದರು. "ಯಾವ ಮಹಾತಾಯಿನೋ ದೀಪದ ಮುಂದೆ ಕೂತು ಹೊಲಿದಿದಾಳೆ ಕಣಮ್ಮ. ಈ ದಾರ ತೆಗೆದ್ರೆ ಇದು ಬರೀ ಕಾಗದ." ಅಡುಗೆಮನೆಯಿಂದ ಲಲಿತಾ ಆಂಟಿ, "ನನ್ನ ಬ್ಲೌಸ್ ಹೊಲಿಗೆ ಬಿಟ್ಟಿದ್ದು ಮಾತ್ರ ಇವರ ಕಣ್ಣಿಗೆ ಬೀಳಲ್ಲ" ಎನ್ನುತ್ತಿದ್ದರು.

ಒಂದು ವರಮಹಾಲಕ್ಷ್ಮಿ ಹಬ್ಬದ ದಿನ ಅರಿಶಿನ ಕುಂಕುಮಕ್ಕೆ ಕರೆದಿದ್ದರು. ಕಳಶದ ಮುಂದೆ ಹಣ ಇಟ್ಟು ಪೂಜೆ ಮಾಡುವುದು ನಮ್ಮಲ್ಲಿ ಎಲ್ಲರೂ ಮಾಡುವುದೇ. ಆಂಟಿ ಆ ವರ್ಷ ಡಾಲರಿನ ಬದಲು ಹೊಲಿಗೆಯ ನೋಟನ್ನು ಇಟ್ಟು, ಹೊಲಿಗೆ ಮುಗಿಯುವ ಜಾಗದಲ್ಲಿ ಪುಟ್ಟದಾಗಿ ಕುಂಕುಮ ಹಚ್ಚಿದ್ದರು. ಅಂಕಲ್ ನೋಡಿದ್ದೇ ತಡ, ಬಂದ ಹೆಂಗಸರೆಲ್ಲರ ಎದುರಿಗೇ ಕೂಗಾಡಿದರು. "ಬುದ್ಧಿ ಇದ್ಯೇನೇ ನಿಂಗೆ? ಹಾಳ್ ಮಾಡ್ಬಿಟ್ಯಲ್ಲೇ!"

ಆಂಟಿ ದನಿ ಏರಿಸಲಿಲ್ಲ. "ನಿಮಗೆ ಅದಕ್ಕಿಂತ ದೊಡ್ಡ ಲಕ್ಷ್ಮಿ ಇನ್ಯಾವ್ದಿದೆ ಅಂತ ಇಟ್ಟೆ. ಯಾವಳೋ ಹಾಕಿದ ದಾರ ಇರ್ಬಹುದು, ನಾನಿಟ್ಟ ಕುಂಕುಮ ಇರ್ಬಾರ್ದಾ?"

ಅಂಕಲ್ ನೋಟನ್ನು ಪೋಸ್ಟಿನಲ್ಲಿ ಕಳಿಸಲೂ ಧೈರ್ಯವಾಗದೆ, ತಾವೇ ವಿಮಾನ ಹತ್ತಿ ಬ್ರಿಸ್ಬೇನ್‌ಗೆ ಒಯ್ದರು. ಅಲ್ಲಿನ ಫೋರ್ಟಿಟ್ಯೂಡ್ ವ್ಯಾಲಿಯಲ್ಲಿ ಹಳೆಯ ಕಾಗದ ಶುಚಿ ಮಾಡುವವಳೊಬ್ಬಳಿದ್ದಳಂತೆ. ವಾಪಸ್ಸು ಬಂದವರ ಮುಖ ಅರಳಿತ್ತು. "ನೋಡು, ಒಂದ್ಚೂರೂ ಗೊತ್ತಾಗಲ್ಲ!" ಕಾಫಿ ತಂದ ಆಂಟಿ ಇಣುಕಿ ನೋಡಿ, "ಒಳ್ಳೇದಾಯ್ತು ಬಿಡಿ" ಎಂದು ಒಳಗೆ ಹೋದರು. ಆಮೇಲೆ ಆಂಟಿ ಆಲ್ಬಮ್ ಮುಟ್ಟಿದ್ದನ್ನು ನಾನು ಕಾಣೆ. ಮುಂದಿನ ಹಬ್ಬಕ್ಕೆ ಇಲ್ಲಿಯ ಪ್ಲಾಸ್ಟಿಕ್ ನೋಟುಗಳನ್ನೇ ಇಟ್ಟರು. ಅವುಗಳ ಮೇಲೆ ಕುಂಕುಮ ನಿಲ್ಲದೆ ಜಾರಿ ಜಾರಿ ಬೀಳುತ್ತಿತ್ತು. ಮರುವರ್ಷದ ಹಬ್ಬಕ್ಕೆ ಆಂಟಿಯೇ ಇರಲಿಲ್ಲ. ನಿದ್ದೆಯಲ್ಲೇ ಹೃದಯ ನಿಂತಿತ್ತು. ಒಂದೇ ಒಂದು ಬೊಟ್ಟನ್ನು ಇದ್ದ ಹಾಗೇ ಬಿಟ್ಟಿದ್ದರೆ ಇವರ ಗಂಟೇನು ಹೋಗುತ್ತಿತ್ತು ಎಂದು ನನಗೆ ಈಗಲೂ ಸಂಕಟವಾಗುತ್ತದೆ.

ಅಂಕಲ್ ಮನೆ ಮಾರಿ, ಅಡಿಲೇಡ್‌ನ ಬ್ಲೇರ್ ಅಥಾಲ್‌ನಲ್ಲಿದ್ದ ಮಗಳ ಮನೆ ಸೇರಿದರು. ಕೆಲಸದ ಮೇಲೆ ಹೋದಾಗ ನೋಡಿ ಬಂದೆ. ಈಗ ಅವರೂ ಇಲ್ಲ. ಅದೇ ಕೊನೆಯ ಭೇಟಿಯಾಯಿತು.

ಆ ದಿನ ಅವರ ಮಗಳು ಕ್ಲಿನಿಕ್ಕಿಗೆ ಹೋಗಿದ್ದಳು. ಅಂಕಲ್ ಆ ನೋಟನ್ನೂ ಆಂಟಿಯ ಬೆಳ್ಳಿ ಕುಂಕುಮ ಭರಣಿಯನ್ನೂ ಮೇಜಿನ ಮೇಲೆ ತಂದಿಟ್ಟರು. "ಬಿಸಿಲಲ್ಲಿ ಹಿಡಿದು ನೋಡ್ದೆ, ದೊಡ್ಡ ಲೆನ್ಸ್ ಹಾಕಿ ನೋಡ್ದೆ. ಏನೂ ಉಳಿದಿಲ್ಲಮ್ಮ. ಆ ಬ್ರಿಸ್ಬೇನ್ ಹೆಂಗಸು ಅಷ್ಟು ನೀಟಾಗಿ ತೆಗೆದ್ಬಿಟ್ಟಿದಾಳೆ." ಭರಣಿಯನ್ನು ನನ್ನ ಕಡೆ ಸರಿಸಿ, "ಲಲಿತಾ ಇಟ್ಟ ಜಾಗ ನಿಂಗೆ ನೆನಪಿದೆ ಅಲ್ವಾ? ಅಲ್ಲೇ ಒಂದ್ಚೂರು ಇಡು" ಎಂದರು.

ಉಂಗುರದ ಬೆರಳನ್ನು ಭರಣಿಯಲ್ಲಿ ಅದ್ದಿ ನೋಟಿನ ಹತ್ತಿರ ತಂದೆ. ಅಂಕಲ್ ತಟ್ಟನೆ ನನ್ನ ಮಣಿಕಟ್ಟು ಹಿಡಿದುಕೊಂಡರು.

"ಬೇಡಮ್ಮ. ನೀನಿಟ್ರೆ ಅದು ನೀನಿಟ್ಟಿದ್ದಾಗುತ್ತೆ."

ನೋಟನ್ನು ಒಳಗಿಡಲು ಎದ್ದು ಹೋದರು. ಬೆರಳಿಗೆ ಹತ್ತಿದ ಕುಂಕುಮವನ್ನು ಎಲ್ಲಿ ಒರೆಸುವುದೋ ತಿಳಿಯದೆ ನಾನು ಹಾಗೇ ಕೂತಿದ್ದೆ.