ಬೇಶೆನಾಲಿ ಬಾಯ್ಕೆಯವರ ಬಟ್ಟಲ ಕರಡಿಗೆ

ನಾನು ಕೆಲಸಕ್ಕೆ ಸೇರಿದ ಬೆಳಿಗ್ಗೆ ನರಿನ್ ಊರಿನಲ್ಲಿ ಗಾಳಿ ಪೂರ್ತಿ ಬಿದ್ದುಹೋಗಿತ್ತು. ರಾತ್ರಿಯೆಲ್ಲ ಸುರಿದ ಮೇ ತಿಂಗಳ ಹಿಮ ಅಂಗಳದಲ್ಲಿ ಕಟ್ಟಿದ್ದ ಕುದುರೆಗಳ ಬೆನ್ನಮೇಲೆ ಕರಗುತ್ತ, ಅವುಗಳ ಮೈಯಿಂದ ತೆಳುವಾದ ಹಬೆ ಏಳುತ್ತಿತ್ತು. ಆ ಹಬೆಯ ನಡುವೆ ಒಬ್ಬರು ಮಂಡಿಯೂರಿ ಕುಳಿತು, ಚೀಲವೊಂದನ್ನು ಮಗುವಿನಂತೆ ಎತ್ತಿ ಕಿವಿಗಾನಿಸಿಕೊಂಡು ಮೆಲ್ಲಗೆ ಅಲುಗಿಸುತ್ತಿದ್ದರು. ಈ ಸಂಪುಟ ಯಾರ ಗೌರವಾರ್ಥವಾಗಿ ಹೊರಬರುತ್ತಿದೆಯೋ ನಾವೆಲ್ಲ ಬಾಯ್ಕೆ ಅಂದರೆ ಅಣ್ಣ ಎಂದು ಕರೆಯುವ ಆ ಬೇಶೆನಾಲಿಯವರನ್ನು ನಾನು ಮೊದಲು ಕಂಡದ್ದು ಹಾಗೆ.

ನಮ್ಮ ಚಿತ್ರಸಂಗ್ರಹಾಲಯದಲ್ಲಿ ಇಂದು ಹನ್ನೆರಡು ಸಾವಿರಕ್ಕೂ ಮಿಕ್ಕ ಛಾಯಾಚಿತ್ರಗಳಿವೆ: ಹುಲ್ಲುಗಾವಲುಗಳು, ಹಿಮನದಿಗಳು, ಕುದುರೆಮಂದೆಗಳು, ಈಗಿಲ್ಲದ ಮುದುಕರ ಮುಖಗಳು. ಅವುಗಳ ಕೆಳಗೆ ಅಚ್ಚಾಗಿರುವುದು ಕ್ಯಾಮೆರಾ ಹಿಡಿದ ನಮ್ಮಂಥವರ ಹೆಸರು. ಆದರೆ ಆ ಕ್ಯಾಮೆರಾ ಮೂರೂವರೆ ಸಾವಿರ ಮೀಟರಿನ ಕಣಿವೆ ದಾಟಿ ಒಡೆಯದೆ, ಒದ್ದೆಯಾಗದೆ, ಹೆಪ್ಪುಗಟ್ಟದೆ ನಮ್ಮ ಕೈಸೇರಿದ್ದು ಮೂವತ್ತೊಂದು ವರ್ಷ ಪ್ರವಾಸದ ಹೇರು ಕಟ್ಟಿದ ಈ ಒಬ್ಬರಿಂದ. ಅವರಿಗೆ ನಾನು ಒಂದು ಚಿತ್ರ ಕೊಡಬೇಕಾಗಿತ್ತು. ಹತ್ತೊಂಬತ್ತು ವರ್ಷ ಕೊಡಲಾಗಲಿಲ್ಲ. ಅದನ್ನು ಮುಚ್ಚಿಟ್ಟು ಬರೀ ಹೊಗಳಿಕೆ ಬರೆದರೆ ದೇವರು ಮೆಚ್ಚುವುದಿಲ್ಲ.

ಚೀಲ ಮಾತಾಡಬಾರದು ಎಂಬುದು ಅವರ ಮೊದಲ ಪಾಠ. ಅಲುಗಿಸಿದಾಗ ಒಳಗೆ ಏನಾದರೂ ಟಕ್ಕೆಂದರೆ ಪೂರ್ತಿ ಬಿಚ್ಚಿ ಮತ್ತೆ ಕಟ್ಟುವರು. ಕುದುರೆಯ ಬೆನ್ನಿನ ಎರಡೂ ಕಡೆ ತೂಗುವ ಹಸುಬೆಚೀಲದ ತೂಕವನ್ನು ತಕ್ಕಡಿಯಿಲ್ಲದೆ ಎರಡು ಕೈಯಲ್ಲೇ ಸಮ ಮಾಡುವರು. ಅರ್ಧ ಸೇರು ಹೆಚ್ಚುಕಡಿಮೆಯಾದರೂ ಸಂಜೆಗೆ ಕುದುರೆಯ ಬೆನ್ನು ಹುಣ್ಣಾಗುತ್ತದೆಂದು ಅವರಿಗೆ ಗೊತ್ತು. ದಾರಿಯಲ್ಲಿ ಮೊದಲು ಬೇಕಾದದ್ದನ್ನು ಕಟ್ಟಕಡೆಗೆ ಇಡುವರು. ಪ್ರತಿ ಗಂಟಿಗೂ ದೇವರ ಹೆಸರು ಹೇಳುವರು. ಲೆನ್ಸುಗಳಿಗೆ ಅವರು ಬಳಸುತ್ತಿದ್ದದ್ದು ಕಾರ್ಖಾನೆಯ ಪೆಟ್ಟಿಗೆಗಳನ್ನಲ್ಲ, ನಮ್ಮ ಅಜ್ಜಿಯರು ಹುಲ್ಲುಗಾವಲಿನಿಂದ ಹುಲ್ಲುಗಾವಲಿಗೆ ವಲಸೆ ಹೋಗುವಾಗ ಚಹಾ ಬಟ್ಟಲುಗಳನ್ನಿಡುತ್ತಿದ್ದ, ಒಳಗೆ ಉಣ್ಣೆ ಹಾಸಿದ ದುಂಡನೆಯ ತೊಗಲ ಕರಡಿಗೆಗಳನ್ನು. "ಚೀನಿ ಬಟ್ಟಲು ಮುನ್ನೂರು ವರ್ಷ ಇದರಲ್ಲಿ ಒಡೀಲಿಲ್ಲ. ನಿನ್ನ ಗಾಜು ಅದಕ್ಕಿಂತ ದೊಡ್ಡ ಮನೆತನದ್ದಾ?" ಎನ್ನುವರು.

ಒಮ್ಮೆ ರಾಜಧಾನಿಯಿಂದ ಬಂದ ಹಿರಿಯ ಛಾಯಾಗ್ರಾಹಕರೊಬ್ಬರು ಆಳೆತ್ತರದ ಕಬ್ಬಿಣದ ಪೆಟ್ಟಿಗೆ ತಂದಿದ್ದರು. ಬಾಯ್ಕೆ ಅದರ ಸುತ್ತ ಒಂದು ಸುತ್ತು ಬಂದು, ಬಹಳ ಗೌರವದಿಂದ ಕೇಳಿದರು: "ಅತ್ತೆಯವರನ್ನೂ ಕರಕೊಂಡು ಬಂದಿದೀರಾ? ಹೊರಗೆ ಬರೋಕೆ ಹೇಳಿ, ಚಹಾ ಕುಡೀಲಿ." ಆ ಹಿರಿಯರು ನಕ್ಕು ಪೆಟ್ಟಿಗೆಯನ್ನು ನರಿನ್‌ನಲ್ಲೇ ಬಿಟ್ಟು, ನಾಲ್ಕು ಕರಡಿಗೆಗಳಲ್ಲಿ ಸಾಮಾನು ಹಾಕಿಸಿಕೊಂಡು ಹೊರಟರು.

ನನ್ನ ಮೂರನೆಯ ಬೇಸಿಗೆಯಲ್ಲಿ ನಾವು ಸೋನ್-ಕುಲ್ ಸರೋವರದ ಕಡೆಗೆ ಹೋದಾಗ ನಾವೆಲ್ಲ ಎಜೆ ಅಂದರೆ ಅಕ್ಕ ಎನ್ನುತ್ತಿದ್ದ ಬಾಯ್ಕೆಯವರ ಪತ್ನಿ ಊಲ್ಕಾನ್ ಕೂಡ ಜೊತೆಗಿದ್ದರು. ಎದೆಯ ಕಾಯಿಲೆಗೆ ಎತ್ತರದ ಹುಲ್ಲುಗಾವಲಿನ ಗಾಳಿ, ಹುಳಿಬಂದ ಕುದುರೆಹಾಲು ಒಳ್ಳೆಯದೆಂದು ವೈದ್ಯರೇ ಹೇಳಿದ್ದರು. ಅವರನ್ನು ತಂಗಿಯ ಬಿಡಾರದಲ್ಲಿ ಬಿಟ್ಟು ಹೊರಡುವ ದಿನ, ಆವರೆಗೆ ನನ್ನಲ್ಲಿ ಏನನ್ನೂ ಕೇಳದ ಬಾಯ್ಕೆ ಹಸುಬೆಯ ಹಗ್ಗ ಬಿಗಿಯುತ್ತ, ಮುಖ ಆಚೆ ತಿರುಗಿಸಿಕೊಂಡೇ ಕೇಳಿದರು: "ಜಿಪಾರಾ, ಒಂದು ಚಿತ್ರಕ್ಕೆ ಫಿಲಂ ಉಳಿದಿದ್ರೆ, ನಿಮ್ಮ ಎಜೆದು ಒಂದು ತೆಗೀತೀಯಾ? ಅವಳದ್ದು ಇರೋದು ಗುರುತಿನ ಚೀಟಿದು ಒಂದೇ. ಅದರಲ್ಲಿ ನನ್ನ ಮೇಲೆ ಸಿಟ್ಟು ಮಾಡಿಕೊಂಡ ಹಾಗೆ ಕೂತಿದಾಳೆ."

"ಸಿಟ್ಟು ಇತ್ತು, ಅದಕ್ಕೇ ಹಾಗೆ ಬಂತು," ಎಂದರು ಎಜೆ ಬಾಗಿಲಿನಿಂದ. ಆ ಮಾತಿಗೆ ಅವರೇ ನಕ್ಕರು. ತಲೆಯ ಬಿಳಿ ವಸ್ತ್ರ ಜಾರಿತು. ನಾನು ಗುಂಡಿ ಒತ್ತಿದೆ.

ಎರಡು ದಿನಗಳ ಮೇಲೆ, ದಾರಿಯಲ್ಲಿ ಆಲಿಕಲ್ಲಿನ ಮಳೆ ಹಿಡಿಯಿತು. ನಾವು ಬತ್ಮಾಕಾನ್ ಎಂಬ ಗೃಹಿಣಿಯ ಗುಡಾರದಂಥ ಉಣ್ಣೆಮನೆಯ ಮುಂದೆ ಇಳಿದೆವು. ಎಜೆಯ ಚಿತ್ರವೂ ಸೇರಿ ಫಿಲಂ ಸುರುಳಿಗಳೆಲ್ಲ ಇದ್ದ ಕರಡಿಗೆಯನ್ನು ತಾವಲ್ಲದೆ ಬೇರೆಯವರು ಕುದುರೆಯಿಂದ ಇಳಿಸಬಾರದೆಂದು ಬಾಯ್ಕೆ ಕಟ್ಟಪ್ಪಣೆ ಮಾಡಿದ್ದರು. ಆದರೆ ಅವರು ಬೆದರಿದ ಕುದುರೆಗಳನ್ನು ಹಿಡಿಯುತ್ತಿದ್ದರು, ನನಗೆ ಫಿಲಂ ನೆನೆಯುವ ಭಯ. ಕರಡಿಗೆಯನ್ನು ಎದೆಗವಚಿಕೊಂಡು ಒಳಗೆ ಓಡಿ, ಹಿಂಬದಿಯ ಗೋಡೆಗೆ ಪೇರಿಸಿದ್ದ ರಜಾಯಿಗಳ ರಾಶಿಯ ಮೇಲೆ, ಎಲ್ಲಕ್ಕಿಂತ ಒಣಗಿದ್ದ ಜಾಗವೆಂದು, ಇಟ್ಟುಬಿಟ್ಟೆ. ಆ ಮನೆಗೆ ಸೊಸೆ ಬಂದು ಮೂರೇ ದಿನವಾಗಿತ್ತು. ಹೊಸ ಸೊಸೆಯಿರುವ ಮನೆಯಲ್ಲಿ ರಜಾಯಿ ರಾಶಿಯ ಮೇಲೆ ಅತಿಥಿ ಬಟ್ಟಲ ಕರಡಿಗೆ ಇಟ್ಟರೆ ಅದು ಸೊಸೆಗೆ ಉಡುಗೊರೆ. ಪಟ್ಟಣದಲ್ಲಿ ಬೆಳೆದ ನನಗೆ ಅದು ಹೊಳೆಯಲಿಲ್ಲ. ಬತ್ಮಾಕಾನ್ ಎರಡೂ ಅಂಗೈ ಬಿಚ್ಚಿ ಹಾರೈಕೆಯ ಮಾತು ಹೇಳಿದರು, ಸೊಸೆ ಮೂರು ಸಲ ಬಾಗಿದಳು. ಮಳೆಯಿಂದ ಬದುಕಿ ಬಂದದ್ದಕ್ಕೆ ಪ್ರಾರ್ಥನೆಯೆಂದು ತಿಳಿದು ನಾನೂ ಕೈ ಎತ್ತಿ, ಮುಖ ಸವರಿಕೊಂಡು, "ಆಮೀನ್" ಎಂದೆ.

ಬಾಯ್ಕೆ ಒಳಗೆ ಬಂದರು, ರಾಶಿಯ ಕಡೆ ಒಮ್ಮೆ ನೋಡಿದರು, ಕೂತು ಮೂರು ಬಟ್ಟಲು ಚಹಾ ಕುಡಿದರು. ಕರಡಿಗೆಯನ್ನು ಅಲ್ಲೇ ಬಿಟ್ಟು ದಾರಿಗೆ ಬಿದ್ದ ಮೇಲೆ, ಅದು ಉಡುಗೊರೆಯಾಗಿ ಹೋಯಿತೆಂದು ನನಗೆ ತಿಳಿಸಿ ಕೇಳಿದರು:

"ಆಮೀನ್ ಅಂದ್ಯಾ?"

"ಅಂದೆ, ಬಾಯ್ಕೆ. ಎಲ್ಲರೂ ಕೈ ಎತ್ತಿದ್ರು. ವಾಪಸ್ ಹೋಗಿ ಕೇಳ್ಲಾ?"

"ಕೊಟ್ಟಿದ್ದನ್ನ ಕೇಳೋಕೆ ಹೋದ್ರೆ ಆ ಸೊಸೆ ಅತ್ತೆ ಮುಂದೆ ಮುಖ ಎಲ್ಲಿಟ್ಕೋಬೇಕು? ಬಿಡು. ನಿಮ್ಮ ಎಜೆ ಇದಾಳಲ್ಲ, ಇನ್ನೊಂದು ತೆಗೆದ್ರಾಯ್ತು."

ಆ ಚಳಿಗಾಲದಲ್ಲಿ ಊಲ್ಕಾನ್ ಎಜೆ ತೀರಿಕೊಂಡರು.

ಅನಂತರದ ವರ್ಷಗಳಲ್ಲಿ ಅವರು ನನಗೆ ಒಂದು ಬಿರುಮಾತನ್ನೂ ಆಡಲಿಲ್ಲ. ಮರುವರ್ಷದ ಮೊದಲ ಪ್ರವಾಸದಲ್ಲೇ ಫಿಲಂ ಕರಡಿಗೆಯನ್ನು ನನ್ನ ಕೈಗೆ ಕೊಟ್ಟು, "ಇನ್ಮೇಲೆ ಇದು ನಿನ್ನ ಹೊಣೆ. ನಿನಗಿಂತ ಜೋಪಾನವಾಗಿ ಯಾರೂ ನೋಡ್ಕೊಳ್ಳಲ್ಲ," ಎಂದರು. ಅಷ್ಟು ಹೇಳಿ ಹಗ್ಗ ಸುತ್ತತೊಡಗಿದರು. ಆದರೆ ಬತ್ಮಾಕಾನ್ ಅವರ ಬಿಡಾರವಿದ್ದ ಕಣಿವೆಯ ಬಾಯಿಗೆ ಬಂದಾಗಲೆಲ್ಲ ಅವರ ಕುದುರೆ ನಿಧಾನವಾಗುತ್ತಿತ್ತು. ಲಗಾಮು ಎಳೆದವರು ತಾವಲ್ಲವೆಂಬಂತೆ ಅವರು ದೂರದ ಬಿಳಿಯ ಉಣ್ಣೆಮನೆಗಳ ಹೊಗೆಯನ್ನು ನೋಡುತ್ತಿದ್ದರು. ಒಮ್ಮೆ ಮಾತ್ರ ಹೇಳಿದರು: "ವಸ್ತ್ರ ಯಾವ ಕಡೆಗೆ ಜಾರಿತ್ತು ಅಂತ ಮರೆತುಹೋಗ್ತಾ ಇದೆ, ಜಿಪಾರಾ." ಎಡಕ್ಕೆಂದು ನಾನು ಹೇಳಿದೆ. ಬಲಕ್ಕಿದ್ದಿರಲೂಬಹುದು. ಆ ದಿನ ನಮಾಜಿಗೆ ಅವರು ಎಂದಿಗಿಂತ ಹೆಚ್ಚು ಹೊತ್ತು ಕೂತಿದ್ದರು.

ಅವರು ಈ ಆಗಸ್ಟಿನಲ್ಲಿ ನಿವೃತ್ತರಾಗುತ್ತಾರೆಂದು ತಿಳಿದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಕೇಳುವುದು ಸಲ್ಲದು, ಸರಿ. ಆದರೆ ಸೊಸೆಗೆ ಸಲ್ಲಬೇಕಾದ ಬಟ್ಟಲುಗಳು ಸಂದಿರಲಿಲ್ಲವಲ್ಲ. ಜೂನ್ ತಿಂಗಳಲ್ಲಿ ಆರು ಹೊಸ ಚೀನಿ ಬಟ್ಟಲುಗಳನ್ನು ಬಾಯ್ಕೆ ಕಲಿಸಿದಂತೆಯೇ ಉಣ್ಣೆಯಲ್ಲಿ ಸುತ್ತಿ, ಅಲುಗಿಸಿ, ಕಿವಿಗೊಟ್ಟು, ಒಬ್ಬಳೇ ಬತ್ಮಾಕಾನ್ ಎಜೆಯ ಬಿಡಾರಕ್ಕೆ ಹೋದೆ. ಈ ಸಲ ತಿಳಿದೇ ರಜಾಯಿ ರಾಶಿಯ ಮೇಲೆ ಕರಡಿಗೆ ಇಟ್ಟೆ. ಮೂರು ಮಕ್ಕಳ ತಾಯಿಯಾದ ಆ ಸೊಸೆ ನನ್ನ ಗುರುತು ಹಿಡಿದು ಬಾಯಿಗೆ ತಲೆವಸ್ತ್ರದ ಅಂಚು ಒತ್ತಿಕೊಂಡಳು.

"ಸಾವಕಾಶವಾಗಿ ಬಂದೆ, ಮಗಳೇ," ಎಂದರು ಬತ್ಮಾಕಾನ್ ಎಜೆ. "ಆವತ್ತು ನೀವು ಗುಡ್ಡ ದಾಟಿದ ಮೇಲೆ ಬಿಚ್ಚಿ ನೋಡಿದ್ವಿ. ಬಟ್ಟಲಿರಲಿಲ್ಲ ಅಂತ ಹೇಳಿಕಳಿಸಿದ್ರೆ ಅತಿಥಿ ಮರ್ಯಾದೆ ಕಳೆದ ಹಾಗೆ ಆಗ್ತಿತ್ತು. ಉಡುಗೊರೆ ತಿರುಗಿಸೋದಂತೂ ಆಗದ ಮಾತು. ಏನು ಮಾಡೋದು? ಪ್ರತಿ ವಲಸೆಲೂ ಮೊದಲನೇ ಕುದುರೆ ಮೇಲೆ, ತೊಟ್ಟಿಲಿನ ಪಕ್ಕ ಹೇರಿಕೊಂಡು ಹೋದ್ವಿ."

ಬಟ್ಟಲ ಕರಡಿಗೆಯನ್ನು ಪಡೆದವರು ತಂದವರನ್ನು ಬರಿಗೈಯಲ್ಲಿ ಕಳಿಸುವಂತಿಲ್ಲ. ಹೊರಡುವಾಗ ಅವರು ಹಳೆಯ ಕರಡಿಗೆಯನ್ನು, ಮೇಲೆ ಒಂದು ಹಿಡಿ ಒಣ ಮೊಸರುಂಡೆ ಇಟ್ಟು, ನನ್ನ ಮಡಿಲಿಗೆ ಹಾಕಿದರು. ಹಾಗೆ ಅದು ಕೇಳದೆಯೇ ಬಂತು.

ಸುರುಳಿಗಳಲ್ಲಿ ಹೆಚ್ಚಿನವು ಕಾಲಕ್ಕೆ ಕಪ್ಪಾಗಿದ್ದವು. ಕತ್ತಲೆಕೋಣೆಯಲ್ಲಿ ಕಡೆಯ ಸುರುಳಿಯನ್ನು ತೊಳೆಯುವಾಗ ನಾನು ದೇವರ ಹೆಸರನ್ನು ಎಷ್ಟು ಸಲ ಹೇಳಿದೆನೋ ಅವನೇ ಬಲ್ಲ. ಒಂದು ಮುಖ ಉಳಿದಿತ್ತು, ತೆಳು ಹಾಲಿನಾಚೆಯಿಂದ ನೋಡಿದಂತೆ ಮಸುಕು. ನಗು ಮಾತ್ರ ಚೆನ್ನಾಗಿ ಕಾಣುತ್ತಿತ್ತು.

ಅಲ್ಲಾಹನು ನಮ್ಮ ಬೇಶೆನಾಲಿ ಬಾಯ್ಕೆಯವರಿಗೆ ತುಂಬು ಆಯುಷ್ಯವನ್ನೂ ಮಂಡಿಗಳಿಗೆ ಬಲವನ್ನೂ ಕೊಡಲಿ. ಅವರು ಹೇಳಿಕೊಡಲೊಪ್ಪಿರುವ ಹೇರು ಕಟ್ಟುವ ಪಾಠಶಾಲೆ ಬರುವ ವಸಂತದಲ್ಲಿ ತೆರೆಯಲಿ. ಅವರ ಕೈ ಗಂಟು ಹಾಕಿದ ಚೀಲಗಳು ಇನ್ನೂ ಅನೇಕ ಕಣಿವೆಗಳನ್ನು ಮೌನವಾಗಿ ದಾಟಲಿ ಎಂಬುದು ನಮ್ಮೆಲ್ಲರ ಪ್ರಾರ್ಥನೆ.

ಈ ಬರಹ ಅಚ್ಚಿಗೆ ಹೋಗುವ ಹಿಂದಿನ ದಿನ ಉಗ್ರಾಣಕ್ಕೆ ಹೋದೆ. ಅವರು ಹಗ್ಗಗಳನ್ನು ಉದ್ದದ ಪ್ರಕಾರ ಸುತ್ತಿಡುತ್ತಿದ್ದರು. ನನ್ನನ್ನು ಕಂಡು ಕೈಯ ಧೂಳನ್ನು ಅಂಗಿಗೆ ಒರೆಸಿಕೊಂಡರು. ವಸ್ತ್ರ ಬಲಕ್ಕೆ ಜಾರಿದ ಊಲ್ಕಾನ್ ಎಜೆಯ ಚಿತ್ರವನ್ನು ನಾನು ಎರಡೂ ಕೈಯಿಂದ ಅವರ ಕೈಗಿಟ್ಟೆ.